ಮನೆಯವರ ಒಪ್ಪಿಗೆ

ಅದು ದಾರವೇ. ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳ ಮೇಲೆ ಉಳಿದ ದಾರ ಹುಡುಕಿ ಕತ್ತರಿಸಿದ ಬೆರಳುಗಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮೈಮೇಲಿನ ನೀರು ತಣ್ಣಗಾಗುತ್ತಿದ್ದ ಹಾಗೇ ಅವಳು ಉಸಿರು ಬಿಗಿಹಿಡಿದು ಇನ್ನೊಮ್ಮೆ ಮುಟ್ಟಿ ನೋಡಿದಳು. ಹತ್ತಿಯ ನೂಲಲ್ಲ. ನೈಲಾನಿನ ಹಾಗೆ ನುಣುಪು, ತುದಿ ಚೂಪು. ಎರಡು ಎಳೆ. ಗಂಟಿಲ್ಲ.

ಹೆರಿಗೆಯಾಗಿ ಅಂದಿಗೆ ಐವತ್ತೆರಡು ದಿನ. ಹೊಟ್ಟೆಯ ಮೇಲಿನ ಹೊಲಿಗೆ ಬಿಚ್ಚಿದ ದಿನ ಅವಳೇ ಎಣಿಸಿದ್ದಳು. ಹತ್ತು ಹಾಕಿದ್ದರು, ಹತ್ತೂ ತೆಗೆದಿದ್ದರು. ಲೆಕ್ಕ ಸರಿಯಿತ್ತು. ಹಾಗಾದರೆ ಇದು ಯಾವುದು? ಹೊಟ್ಟೆ ಕೊಯ್ದು ಮಗು ತೆಗೆದವರಿಗೆ ಕೆಳಗಡೆ ದಾರದ ಕೆಲಸ ಏನಿತ್ತು?

ಎಳೆದು ನೋಡೋಣವೆನ್ನಿಸಿತು. ಎಳೆಯಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯ ಚೆಕ್ಕರ್ ಹೇಳಿಕೊಟ್ಟಿದ್ದ ಪಾಠ ಅದು. ಕಂಡ ದಾರವನ್ನೆಲ್ಲ ಎಳೆಯಬಾರದು, ಎಳೆದರೆ ತೋಳೇ ಬಿಚ್ಚಿಕೊಂಡು ಕೈಗೆ ಬಂದೀತು. ಮೊದಲು ಅದು ಎಲ್ಲಿಂದ ಹೊರಟಿದೆ ನೋಡಬೇಕು.

"ಏನೇ, ನೀರಲ್ಲೇ ಕರಗಿ ಹೋದ್ಯಾ?" ಹೊರಗಿನಿಂದ ಅತ್ತೆಯ ದನಿ. "ನಿನ್ನ ಮಗಳು ನನ್ನ ಕಿವಿ ಕಿತ್ತು ಕೈಗೆ ಕೊಡ್ತಿದ್ದಾಳೆ, ಬೇಗ ಬಾ!"

ಹೊರಗೆ ಬಂದಾಗ ಅತ್ತೆ ಕಿಟಕಿಯ ಬೆಳಕಿಗೆ ಮಗುವಿನ ತಲೆಯನ್ನು ಅತ್ತಿತ್ತ ಹೊರಳಿಸಿ ಪರೀಕ್ಷೆ ಮಾಡುತ್ತಿದ್ದಳು. ದಿನಕ್ಕೆ ಒಂದು ಸಲವಾದರೂ ಇದು ನಡೆಯಲೇಬೇಕು. "ಕಿವಿ ನಮ್ಮನೇದೇ, ಅನುಮಾನ ಇಲ್ಲ. ಹಾಲೆ ನೋಡು, ಹೀಗೆ ಅಂಟ್ಕೊಂಡಿದೆ. ಮೂಗು ಮಾತ್ರ ಯಾರದ್ದು ಅಂತ ಇನ್ನೂ ತಿಳೀತಿಲ್ಲ." ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾದ ಕಥೆಯನ್ನು ಎಲ್ಲೋ ಕೇಳಿದ್ದ ಅತ್ತೆಗೆ ಅದು ತಲೆಗೆ ಹತ್ತಿದ ಹುಳ. ಬಸುರಿ ಸೊಸೆಗೆ ಒಂಬತ್ತು ತಿಂಗಳೂ ಅದನ್ನೇ ಹೇಳಿದ್ದಳು.

"ಅತ್ತೆ, ಆಸ್ಪತ್ರೆಗೆ ಹೋಗಿ ಬರ್ತೀನಿ. ಹೊಲಿಗೆ ತೋರಿಸ್ಬೇಕು."

"ಒಬ್ಳೇನಾ? ಅವನು ಬರ್ಲಿ, ಜೊತೆಗೆ ಹೋಗು."

"ಇಲ್ಲೇ ಅಲ್ವಾ," ಎಂದಳು ಅವಳು. ಯಾಕೋ ಗಂಡನಿಗೆ ಇದನ್ನು ಹೇಳುವ ಮೊದಲು ತನಗೆ ಗೊತ್ತಾಗಬೇಕು ಅನ್ನಿಸಿತು.

ಹೆರಿಗೆ ಆಸ್ಪತ್ರೆಯ ಪರೀಕ್ಷಾ ಕೋಣೆಗೆ ಚಿಲಕ ಕೂರುತ್ತಿರಲಿಲ್ಲ. ಚೌಕಟ್ಟು ಉಬ್ಬಿ ಬಾಗಿಲು ತಾನಾಗಿಯೇ ಗೇಣುದ್ದ ತೆರೆದುಕೊಳ್ಳುತ್ತಿತ್ತು. ಔಷಧಿ ಡಬ್ಬಿಯ ರಟ್ಟನ್ನು ಮಡಿಸಿ ಸಂದಿಗೆ ತುರುಕಿದ್ದರು. ಯಾರಾದರೂ ಒಳಗೆ ಬಂದರೆ ರಟ್ಟು ಬೀಳುತ್ತಿತ್ತು. ಆಗ ಹೊರಗಿನ ಬೆಂಚಿನಲ್ಲಿ ಕೂತವರಿಗೆಲ್ಲ ಒಳಗೆ ಮಲಗಿದವಳ ಪಾದಗಳು ಕಾಣುತ್ತಿದ್ದವು. ಹೊರಗೆ ಕೂತಿದ್ದಾಗ ಅವಳೂ ಮೂವರ ಪಾದ ನೋಡಿದ್ದಳು. ಈಗ ಅವಳ ಪಾದಗಳ ಸರದಿ.

"ಒಳಗೆ ದಾರ ಬಿಟ್ಟಿದ್ದಾರೆ ಸಿಸ್ಟರ್."

"ಯಾರು?" ದಪ್ಪ ಕನ್ನಡಕದ ನರ್ಸು ಕೈಗವಸು ಏರಿಸಿಕೊಳ್ಳುತ್ತ ಕೇಳಿದಳು.

"ನೀವೇ."

ನರ್ಸು ಅವಳ ಮುಖವನ್ನೊಮ್ಮೆ ನೋಡಿ, ದೀಪ ಎಳೆದುಕೊಂಡು ಬಗ್ಗಿದಳು. ಅರ್ಧ ನಿಮಿಷವೂ ಆಗಲಿಲ್ಲ. "ಅಯ್ಯೋ, ಇದಕ್ಕಾ ಇಷ್ಟು ಗಾಬರಿ? ಇದು ವಂಕಿ ದಾರ. ಸರಿಯಾಗೇ ಕೂತಿದೆ, ಬಟ್ಟೆ ಸರಿ ಮಾಡ್ಕೊಳಿ."

"ಯಾವ ವಂಕಿ?"

"ವಂಕಿ ಅಂದ್ರೆ ಕಾಪರ್-ಟಿ ಅಮ್ಮ. ಮತ್ತೆ ಬಸುರಿ ಆಗ್ದೇ ಇರ್ಲಿ ಅಂತ ಗರ್ಭಕೋಶದೊಳಗೆ ಇಡ್ತೀವಲ್ಲ, ಅದು. ಆಪರೇಷನ್ ಹೊತ್ತಲ್ಲೇ ಹಾಕಿರ್ತಾರೆ. ಇನ್ನು ಹತ್ತು ವರ್ಷ ಆರಾಮಾಗಿರಿ."

ಹತ್ತು ವರ್ಷ. ಅವಳಿಗೆ ಈಗ ಮೂವತ್ತನಾಲ್ಕು. ಮೊದಲನೆಯದು ಐದನೇ ತಿಂಗಳಿನಲ್ಲಿ ಹೋಗಿತ್ತು. ಇದಾಗಲು ಆರು ವರ್ಷ ಹಿಡಿದಿತ್ತು. ಇನ್ನೊಂದು ಬೇಕು, ತಡಮಾಡದೆ ಬೇಕು ಎಂದು ಅವಳು ಹೇಳಿದ್ದನ್ನು ಕೇಳಿಸಿಕೊಂಡವನು ಗಂಡ ಒಬ್ಬನೇ.

"ನನ್ನ ಕೇಳ್ಲೇ ಇಲ್ವಲ್ಲ ಸಿಸ್ಟರ್."

"ಕೇಳ್ದೆ ನಾವು ಹಾಕಲ್ಲ." ನರ್ಸು ಮೇಜಿನ ಮೇಲಿನ ಉದ್ದ ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ನೋಡಿ. ಮನೆಯವರ ಒಪ್ಪಿಗೆ ಇದೆ ಅಂತ ಬರೆದಿದೆ. ಮನೆಗೆ ಹೋಗಿ ಅವ್ರನ್ನ ಕೇಳಿ, ನಮ್ಮ ಮೇಲೆ ಯಾಕೆ ರೇಗ್ತೀರ?"

"ಹಾಗಾದ್ರೆ ತೆಗೆದುಬಿಡಿ."

"ಹಾಗೆಲ್ಲ ತೆಗೆಯೋಕಾಗುತ್ತಾ? ಮನೆಯವರನ್ನ ಕರ್ಕೊಂಡು ಬನ್ನಿ. ನಾಳೆ ಅವ್ರು ಬಂದು ನಮ್ಮ ಮೇಲೆ ಕೂಗಾಡಿದ್ರೆ?" ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿದರು, ರಟ್ಟು ಬಿತ್ತು, ಮುಂದಿನವಳು ಒಳಗೆ ಬಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಆ ಒಂದು ಮಾತನ್ನು ಬಾಯೊಳಗೆ ಹೊರಳಿಸಿದಳು. ಮನೆಯವರು. ಯಾವ ಹೆಂಗಸನ್ನು ನಿಲ್ಲಿಸಿ ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದರೂ ಅವಳು ಹೇಳುವುದು ಒಬ್ಬನ ವಿಚಾರ. ಆಪರೇಷನ್ನಿನ ಬೆಳಿಗ್ಗೆ ತಳ್ಳುಮಂಚದ ಮೇಲೆ ಬಗ್ಗಿ ಗಂಡ ಹೇಳಿದ್ದು ಈಗ ನೆನಪಾಯಿತು: "ಎಲ್ಲದಕ್ಕೂ ಸೈನ್ ಹಾಕಿದ್ದೀನಿ. ನೀನೇನೂ ಯೋಚ್ನೆ ಮಾಡ್ಬೇಡ." ಅಂದು ಆ ಮಾತು ಹೊದಿಕೆಯ ಹಾಗಿತ್ತು. ಎಲ್ಲದಕ್ಕೂ ಅಂದರೆ ಯಾವುದಕ್ಕೆಲ್ಲ?

ಆಮೇಲಿನ ನಾಲ್ಕು ದಿನ ಅವಳು ಗಂಡನನ್ನು ಚೆಕಿಂಗ್ ಮೇಜಿನ ಮೇಲೆ ಹರಡಿದ ಅಂಗಿಯ ಹಾಗೆ ನೋಡಿದಳು. ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಅಂಚು. ಗಂಡ ತೂಕದ ಯಂತ್ರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯಲ್ಲೇ ಅವನ ಅಂಗಡಿ. ಜಗತ್ತಿನ ಯಾವ ತಕ್ಕಡಿಯೂ ಸರಿಯಿಲ್ಲ ಎಂದು ನಂಬಿದ್ದ ಅವನು ಆಸ್ಪತ್ರೆಯಲ್ಲಿ ಮಗು ತೂಗಿದ ಯಂತ್ರವೇ ಐವತ್ತು ಗ್ರಾಂ ಸುಳ್ಳು ಹೇಳುತ್ತಿದೆ ಎಂದು ಅಲ್ಲೇ ಜಗಳ ತೆಗೆದಿದ್ದ. ಈಗಲೂ ದಿನ ಸಂಜೆ ಮಗುವನ್ನು ತನ್ನ ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿ, ಮುಳ್ಳು ನಿಲ್ಲುವವರೆಗೆ ಉಸಿರಾಡದೆ ನೋಡುತ್ತಿದ್ದ. ಅಷ್ಟು ಲೆಕ್ಕಾಚಾರದವನು ಕಾಗದ ಓದದೆ ಸಹಿ ಹಾಕಿರುತ್ತಾನೆಯೇ?

ಅವನ ಶರಟಿನ ಜೇಬು, ಬೀಗವಿಲ್ಲದ ಡ್ರಾಯರು, ಹಳೆಯ ರಸೀದಿಗಳ ಕಟ್ಟು ಎಲ್ಲವನ್ನೂ ನೋಡಿದಳು. ಏನೂ ಸಿಗದಿದ್ದಾಗ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಮಗುವಿಗೆ ಸಣ್ಣದಾದ ಬಟ್ಟೆಗಳನ್ನು ಕಳೆದ ವಾರ ಪಕ್ಕದ ಸೈಕಲ್ ಅಂಗಡಿಯವನಿಗೆ ಕೊಟ್ಟಿದ್ದ. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು: ಇನ್ನೊಂದು ಬರುವುದಿಲ್ಲ ಎಂದು ಗೊತ್ತಿದ್ದವನು ತಾನೇ ಬಟ್ಟೆ ಕೊಟ್ಟುಬಿಡುವುದು?

ಶುಕ್ರವಾರ ಸಂಜೆ ಅವನು ಮಗುವನ್ನು ತೂಗುತ್ತಿದ್ದಾಗ ಬಾಗಿಲಿಗೊರಗಿ ಕೇಳಿದಳು.

"ರೀ, ಇನ್ನೊಂದು ಯಾವಾಗ?"

"ಇನ್ನೊಂದು ಏನು?"

"ಮಗು."

ಅವನು ಮುಳ್ಳಿನಿಂದ ಕಣ್ಣು ತೆಗೆದ. ಮತ್ತೆ ಮುಳ್ಳನ್ನೇ ನೋಡಿದ. "ಈಗ ಯಾಕೆ ಆ ಮಾತು? ಇವಳಿಗೆ ಇನ್ನೂ ಐದು ಕೆಜಿ ಆಗಿಲ್ಲ."

"ಸುಮ್ನೆ ಕೇಳ್ದೆ. ಬಟ್ಟೆ ಎಲ್ಲ ಕೊಟ್ಬಿಟ್ರಲ್ಲ, ಅದಕ್ಕೆ."

"ಅವನ ಮನೇಲಿ ಮಗು ಹುಟ್ಟಿದೆ, ಕೊಟ್ಟೆ. ಅದಕ್ಕೂ ಇದಕ್ಕೂ ಏನು?" ಅವನ ಕೈ ತಾನಾಗಿ ಮೇಲೆ ಹೋಗಿ ಕತ್ತು ಸವರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಮಗುವನ್ನು ತಟ್ಟೆಯಿಂದ ಎತ್ತಿಕೊಂಡಳು. ಮುಳ್ಳು ನಡುಗುತ್ತ ಸೊನ್ನೆಗೆ ಬಂತು. ಅಂದಿನಿಂದ ಅವಳು ಮಂಚದ ಅಂಚಿಗೆ ಸರಿದು, ನಡುವೆ ಮಗುವನ್ನು ಮಲಗಿಸತೊಡಗಿದಳು. ಅವನೂ ಯಾಕೆಂದು ಕೇಳಲಿಲ್ಲ. ಕೇಳದೆ ಇದ್ದುದು ಇನ್ನೊಂದು ಸಾಕ್ಷಿಯಾಯಿತು.

ಭಾನುವಾರ ಮಗು ನೋಡಲು ಲಾಯರಮ್ಮ ಬಂದಳು. ಲಾಯರಮ್ಮ ಓದಿದ್ದು ಏಳನೇ ಕ್ಲಾಸು. ಒಮ್ಮೆ ಕಾರ್ಖಾನೆಯಲ್ಲಿ ಹೆಂಗಸರ ಪಾಯಖಾನೆಗೆ ಬೀಗ ಹಾಕಿದ್ದಾಗ, ಗೋಡೆಗೆ ಅಂಟಿಸಿದ್ದ ನಿಯಮಾವಳಿಯನ್ನು ಮ್ಯಾನೇಜರ ಕೈಲೇ ನೂರು ಜನರ ಮುಂದೆ ಗಟ್ಟಿಯಾಗಿ ಓದಿಸಿ ಬೀಗ ತೆಗೆಸಿದ್ದಳು. ಅಂದಿನಿಂದ ಆ ಹೆಸರು. ದಾರ ಎಳೆಯಬಾರದು ಎಂದು ಮೊದಲ ದಿನ ಹೇಳಿಕೊಟ್ಟವಳೂ ಅವಳೇ.

ಅತ್ತೆ ಚಹಾ ಮಾಡಲು ಒಳಗೆ ಹೋದ ಹೊತ್ತಿನಲ್ಲಿ ಅವಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಲಾಯರಮ್ಮ ಮಗುವಿನ ಅಂಗಿಯ ಅಂಚಿನಲ್ಲಿದ್ದ ಒಂದೆಳೆ ದಾರವನ್ನು ಅಭ್ಯಾಸದಿಂದ ಉಗುರಲ್ಲಿ ಚಿವುಟುತ್ತ ಕೇಳಿಸಿಕೊಂಡಳು.

"ಗಂಡನ್ನ ಕೇಳ್ದ್ಯಾ?"

"ಸುತ್ತಿ ಬಳಸಿ ಕೇಳ್ದೆ ಅಕ್ಕ. ಅವರೂ ಸುತ್ತಿ ಬಳಸಿ ಹೇಳಿದ್ರು."

"ಗಂಡನ್ನ ಕೇಳಿದ್ರೆ ಗಂಡಸಿನ ಉತ್ತರ ಬರುತ್ತೆ. ಕಾಗದ ಕೇಳು. ಕಾಗದಕ್ಕೆ ಮುಖದಾಕ್ಷಿಣ್ಯ ಇಲ್ಲ." ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿ ಹತ್ತಿರ ಸರಿದಳು. "ನಿನ್ನ ಹೆರಿಗೆಯ ಪೂರ್ತಿ ಫೈಲು ಅವರ ಹತ್ರ ಇರುತ್ತೆ. ಯಾರು ಏನು ಮಾಡಿದ್ರು, ಎಷ್ಟು ಹೊತ್ತಿಗೆ, ಯಾರು ಸೈನ್ ಹಾಕಿದ್ರು, ಎಲ್ಲ. ಅದರ ಪ್ರತಿ ಕೇಳೋ ಹಕ್ಕು ನಿಂದು. ಬಾಯಲ್ಲಿ ಕೇಳ್ಬೇಡ, ಬರೆದು ಕೇಳು. ಅರ್ಜಿ ಎರಡು ಬರಿ, ಒಂದಕ್ಕೆ ಸೀಲು ಹಾಕಿಸ್ಕೊಂಡು ವಾಪಸ್ ಇಟ್ಕೋ."

"ಮನೆಯವರ ಒಪ್ಪಿಗೆ ಇದ್ರೆ ಸಾಕು ಅಂತಾರಲ್ಲ."

"ನೀನು ಎಚ್ಚರ ಇದ್ಯಾ ಇಲ್ವಾ ಆಗ?"

"ಇದ್ದೆ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟಿದ್ರು. ಎದೆ ಹತ್ರ ಒಂದು ಹಸಿರು ಬಟ್ಟೆ ಪರದೆ ಕಟ್ಟಿದ್ರು, ಅಷ್ಟೇ. ಎಲ್ಲ ಕೇಳಿಸ್ತಿತ್ತು."

"ಮತ್ತೆ? ಮೈ ನಿಂದು. ಅದರೊಳಗೆ ಏನೇ ಇಡ್ಲಿ, ಏನೇ ತೆಗೀಲಿ, ನಿಂಗೆ ತಿಳಿಯೋ ಮಾತಲ್ಲಿ ನಿಂಗೆ ಹೇಳ್ಬೇಕು, ನೀನು ಹೂಂ ಅನ್ಬೇಕು. ನೀನು ಕಣ್ಣು ಬಿಟ್ಕೊಂಡಿದ್ದಾಗ ಇನ್ನೊಬ್ಬರ ಹೂಂ ನಡೆಯಲ್ಲ. ಗಂಡಂದೂ ಇಲ್ಲ, ಗಂಡನ ಅಪ್ಪಂದೂ ಇಲ್ಲ."

"ಇಷ್ಟೆಲ್ಲ ಹೇಗೆ ಗೊತ್ತು ಅಕ್ಕ?"

ಲಾಯರಮ್ಮ ಚಿವುಟಿದ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನನ್ನ ಮಗಳ ಹೆರಿಗೆ ಆದ್ಮೇಲೆ ಓದ್ಕೊಂಡೆ," ಎಂದಳು. "ಆಮೇಲೆ ಓದ್ಕೊಂಡೆ." ಅಷ್ಟರಲ್ಲಿ ಚಹಾ ಬಂತು. ಲಾಯರಮ್ಮ ಅತ್ತೆಯ ಎದುರು ಮಗುವಿನ ಕಿವಿಯನ್ನು ಹೊಗಳಿದಳು.

ದಾಖಲೆ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗೆ. ಗುಮಾಸ್ತ ಅರ್ಜಿಯನ್ನು ಮುಟ್ಟದೆ ಓದಿದ.

"ಫೈಲೆಲ್ಲ ಕೊಡೋಕಾಗಲ್ಲಮ್ಮ. ಅದು ಆಸ್ಪತ್ರೆ ಆಸ್ತಿ."

"ಕಾಗದ ಆಸ್ಪತ್ರೇದೇ ಸರ್. ಅದರೊಳಗಿರೋದು ನಾನು."

"ಯಾಕೆ ಬೇಕು? ಕೋರ್ಟಿಗಾ?"

"ನನಗೆ ಬೇಕು."

ಅವನು ಕುರ್ಚಿಗೆ ಒರಗಿ ಅವಳನ್ನು ಅಳೆದ. ತಾನು ಗಂಡನನ್ನು ನೋಡಿದ ಹಾಗೇ ಇವನೂ ತನ್ನನ್ನು ನೋಡುತ್ತಿದ್ದಾನೆ, ಎಲ್ಲಿ ಯಾವ ಎಳೆ ಬಿಟ್ಟಿದೆ ಎಂದು ಹುಡುಕುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಅವನ ಹಿಂದೆ ಗೋಡೆಯಲ್ಲಿ ದೊಡ್ಡದೊಂದು ಬೋರ್ಡಿತ್ತು. ಅದರ ಮುಕ್ಕಾಲು ಪಾಲಿಗೆ ಕಬ್ಬಿಣದ ಬೀರು ಅಡ್ಡ ನಿಂತಿದ್ದರಿಂದ ಸಾಲುಗಳ ಬಾಲ ಮಾತ್ರ ಕಾಣುತ್ತಿತ್ತು: '...ಪಡೆಯುವ ಹಕ್ಕು', '...ನಿರಾಕರಿಸುವ ಹಕ್ಕು', '...ಪ್ರತಿ ಕೇಳುವ ಹಕ್ಕು'.

"ಸರ್, ಆ ಬೀರು ಸ್ವಲ್ಪ ಸರಿಸ್ತೀರಾ? ಬೋರ್ಡು ಪೂರ್ತಿ ಓದ್ಬೇಕಿತ್ತು."

ಗುಮಾಸ್ತ ತಿರುಗಿ ನೋಡಿದ. ಬೀರು ತುಂಬ ಫೈಲು, ಅದರ ಮೇಲೆ ಇನ್ನೂ ಫೈಲು, ಅದರ ಮೇಲೆ ಕೆಟ್ಟ ಫ್ಯಾನು. ಬೀರು ಸರಿಸುವುದಕ್ಕಿಂತ ಫೈಲು ಕೊಡುವುದೇ ಸುಲಭ ಎಂದು ಅವನಿಗೂ ಹೊಳೆದಿರಬೇಕು. ನಿಟ್ಟುಸಿರು ಬಿಟ್ಟು ಸೀಲು ಒತ್ತಿದ. "ಗುರುವಾರ ಬನ್ನಿ."

ಗುರುವಾರ ಅವಳು ಮೆಟ್ಟಿಲ ಮೇಲೆ ಕೂತು ಹದಿನೇಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಆಪರೇಷನ್ನಿನ ಒಪ್ಪಿಗೆಯ ಮೇಲೆ ಅವಳದೇ ಸಹಿ, ಕೆಳಗೆ ಗಂಡನದು, ಬಾಲ ಎಳೆದ ಅವಸರದ ಗೀಟು. ರಕ್ತದ ಕಾಗದದ ಮೇಲೂ ಅದೇ ಗೀಟು. ಹನ್ನೊಂದನೆಯ ಹಾಳೆಯಲ್ಲಿ ಕೈಬರಹ: ಹನ್ನೊಂದು ಇಪ್ಪತ್ತಕ್ಕೆ ಹೆಣ್ಣು ಮಗು, ಚೆನ್ನಾಗಿ ಅತ್ತಿದೆ. ಹನ್ನೊಂದು ಮೂವತ್ತೈದಕ್ಕೆ ವಂಕಿ ಅಳವಡಿಸಲಾಗಿದೆ. ರೋಗಿಯ ಮನೆಯವರ ಒಪ್ಪಿಗೆ ಪಡೆಯಲಾಗಿದೆ.

ಅದರ ಕೆಳಗೆ ಇದ್ದ ಸಹಿ ಗೀಟಲ್ಲ. ಅಕ್ಷರಗಳು ದಪ್ಪ ದಪ್ಪಗೆ, ಒಂದನ್ನೊಂದು ಮುಟ್ಟದೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ಹಾಗೆ ನಿಂತಿದ್ದವು. ಕೊನೆಯ ಅಕ್ಷರದ ಕೊಂಬು ತಲೆಕೆಳಗು. ಆ ಕೊಂಬನ್ನು ತಿದ್ದಲು ಹೋದ ವರ್ಷ ಅವಳು ಒಂದು ತಿಂಗಳು ಹೆಣಗಿದ್ದಳು. ಅಡುಗೆಮನೆಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಅತ್ತೆಯ ಕೈ ಹಿಡಿದು. ಹೆಬ್ಬೆಟ್ಟು ಒತ್ತಲು ನಾಚಿಕೆಯಾಗುತ್ತದೆ, ನಂಗೂ ಸಹಿ ಕಲಿಸು ಎಂದು ಅತ್ತೆಯೇ ಕೇಳಿದ್ದಳು.

ತಾನೇ ಕಲಿಸಿದ ಸಹಿ!

ಬಸ್ಸು ಎರಡು ಬಂದವು, ಎರಡನ್ನೂ ಬಿಟ್ಟಳು. ಇಷ್ಟು ದಿನ ಒಬ್ಬನ ಮೇಲಿದ್ದ ಕಣ್ಣು ಈಗ ಇನ್ನೊಬ್ಬರ ಮೇಲೆ ತಿರುಗಬೇಕಿತ್ತು. ತಿರುಗಿದ್ದೇ ತಡ, ಎಲ್ಲವೂ ಸಿಕ್ಕತೊಡಗಿತು. "ಒಂದೇ ಸಾಕು ಕಣೇ, ಬಂಗಾರದಂಥದ್ದು," ಎಂದು ಅತ್ತೆ ಅಂದದ್ದು. ಲಾಯರಮ್ಮ ಬಂದ ದಿನ ಚಹಾಕ್ಕೆ ಅಷ್ಟು ಹೊತ್ತು ಹಿಡಿದದ್ದು. ಮೈ ತೊಳೆಯುವಾಗ ಬಚ್ಚಲ ಬಾಗಿಲ ಬಳಿಯೇ ನಿಂತಿರುವುದು. ಮಗನಿಗೆ ಹೆಂಡತಿ ಇಷ್ಟು ಸಾಕು, ಮನೆಗೆ ಮಗು ಇಷ್ಟು ಸಾಕು ಎಂದು ಅಳೆದು ಕತ್ತರಿಸುವ ಹಕ್ಕು ಅವಳಿಗೆ ಯಾರು ಕೊಟ್ಟರು?

ಮನೆಗೆ ಬಂದಾಗ ಗಂಡ ಮುಂದಿನ ಕೋಣೆಯಲ್ಲಿ ಒಂದು ತಕ್ಕಡಿಯ ಹೊಟ್ಟೆ ಬಿಚ್ಚಿ ಕೂತಿದ್ದ. ಅತ್ತೆ ಒಳಬಾಗಿಲ ಹೊಸ್ತಿಲ ಮೇಲೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಅವಳು ಚಪ್ಪಲಿಯನ್ನೂ ಬಿಡದೆ ನಿಂತಳು.

"ಅತ್ತೆ, ಆಪರೇಷನ್ ದಿನ ವಂಕಿ ಹಾಕೋಕೆ ಒಪ್ಪಿದ್ದು ನೀವಾ?"

"ಹೂಂ ಮತ್ತೆ!" ಅತ್ತೆಯ ಮುಖ ಅರಳಿತು. "ನಾನಲ್ದೆ ಇನ್ಯಾರು? ಇವನು ರಕ್ತದ ಚೀಟಿ ತರೋಕೆ ಕೆಳಗೆ ಹೋದವನು ಪತ್ತೆ ಇಲ್ಲ. ಆ ಹುಡುಗಿ ಓಡ್ತಾ ಬಂದ್ಳು, ಸೋಡಾಬುಡ್ಡಿ ಕನ್ನಡಕದವಳು. 'ಅಮ್ಮ, ವಂಕಿ ಹಾಕೋದು, ಒಪ್ಗೇನಾ?' ಅಂದ್ಳು. ಒಪ್ಗೇನಾ ಅಂದ್ರೆ! ಹಾಕವ್ವ, ಗಟ್ಟಿಯಾಗಿ ಹಾಕು, ಬಿಚ್ಕೊಂಡು ಬೀಳಬಾರ್ದು ಅಂದೆ. ಅವಳು ನಗ್ತಾ ಹೋದ್ಳು. ಸೈನೂ ನಾನೇ ಹಾಕ್ದೆ, ಹೆಬ್ಬೆಟ್ಟು ಅಲ್ಲ."

ಗಂಡನ ಕೈಯ ಸ್ಕ್ರೂಡ್ರೈವರ್ ನಿಂತಿತು.

"ಬಿಚ್ಕೊಂಡು ಬೀಳಬಾರ್ದು ಅಂದ್ರಾ?" ಅವಳ ದನಿ ಅವಳಿಗೇ ದೂರದಿಂದ ಕೇಳಿದ ಹಾಗಿತ್ತು.

"ಬಿದ್ರೆ ಗತಿ ಏನೇ? ಅಲ್ಲಿ ಅಷ್ಟು ಮಕ್ಳು, ಅಷ್ಟು ತಾಯಂದಿರು. ಇರು ಇರು, ತೋರಿಸ್ತೀನಿ." ಅತ್ತೆ ಮಗುವನ್ನು ಸೊಸೆಯ ಕೈಗಿತ್ತು ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿ ತಂದಳು. ಮುಚ್ಚಳ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಹೊರತೆಗೆದಳು. ಒಂದು ಬೆರಳುಂಗುರದಷ್ಟೇ ಸಣ್ಣದು. ಎರಡರ ಮೇಲೂ ಒಂದೇ ನಂಬರು. "ನಿನ್ನ ಮುಂಗೈಗೆ ಅದೇನೋ ಬಾಟ್ಲಿ ಹಾಕಿದ್ರು ಅಂತ ಇದನ್ನ ತೋಳಿಗೆ ಹಾಕಿದ್ರು. ಹೊರಗೆ ತಂದಾಗ ಮೊದಲು ನೋಡಿದ್ದೇ ತೋಳು. ಇತ್ತು, ಸಮಾಧಾನ ಆಯ್ತು. ನಮ್ಮ ಕಾಲದಲ್ಲಿ ಬೆಳ್ಳೀದು ಹಾಕ್ತಿದ್ರು ತೋಳಿಗೆ, ಈಗ ಪ್ಲಾಸ್ಟಿಕ್ ವಂಕಿ. ಏನಾದ್ರಾಗ್ಲಿ, ನಂಬರ್ ಸರಿ ಇದೆ, ಮಗು ನಮ್ಮದೇ."

ಹೊರಗೆ ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಅತ್ತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ಯಾಕೆ? ತಪ್ಪಾ?"

"ಅಮ್ಮ, ವಂಕಿ ಅಂದ್ರೆ..." ಎಂದು ಗಂಡ ಶುರುಮಾಡಿ ನಿಲ್ಲಿಸಿದ. ತಾಯಿಯ ಎದುರು ಆಡುವ ಮಾತಾಗಿರಲಿಲ್ಲ ಅದು.

ಅವಳೇ ಹೇಳಿದಳು. ಎಲ್ಲಿ ಇಟ್ಟಿದ್ದಾರೆ, ಯಾಕೆ ಇಟ್ಟಿದ್ದಾರೆ, ಎಷ್ಟು ವರ್ಷಕ್ಕೆ, ದಾರ ಹೇಗೆ ಕೈಗೆ ಸಿಕ್ಕಿತು. ಹೇಳುತ್ತ ಹೇಳುತ್ತ ತನ್ನ ಮಾತಿನಲ್ಲಿ ಸಿಟ್ಟು ಇಲ್ಲದ್ದನ್ನು ಕಂಡು ಅವಳಿಗೇ ಆಶ್ಚರ್ಯವಾಯಿತು. ಅತ್ತೆ ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು.

"ಅಯ್ಯೋ. ನಾನು ಗಟ್ಟಿಯಾಗಿ ಹಾಕು ಅಂದೆನಲ್ಲೇ." ತಲೆ ಎತ್ತಿ ಕೇಳಿದಳು: "ನಿನ್ನ ಕೇಳ್ಲಿಲ್ವಾ ಅವ್ರು? ನೀನು ಎಚ್ಚರ ತಪ್ಪಿದ್ದೆ ಅಂದ್ಕೊಂಡೆ."

"ಇಲ್ಲ ಅತ್ತೆ. ಎಚ್ಚರ ಇದ್ದೆ."

ಅತ್ತೆ ಪಟ್ಟಿಗಳನ್ನು ಮತ್ತೆ ಹತ್ತಿಯಲ್ಲಿ ಸುತ್ತತೊಡಗಿದಳು. ಗಂಡ ಎದ್ದು ಬಂದು ಅವಳ ಎದುರು ನಿಂತ.

"ಒಪ್ಪಿದ್ದು ನಾನು ಅಂದ್ಕೊಂಡಿದ್ಯಾ?"

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಇನ್ನೊಂದು ಬೇಡ ಅನ್ಸಿದ್ದು ನಿಜ," ಎಂದ ಅವನು. "ಮೊದಲನೇ ಸಲ ನಿನ್ನ ಆ ಸ್ಥಿತೀಲಿ ನೋಡಿದ್ದೀನಿ. ಮತ್ತೆ ನೋಡೋಕೆ ಧೈರ್ಯ ಇಲ್ಲ. ಆದ್ರೆ ಅದನ್ನ ನಿನ್ನ ಹತ್ರ ಹೇಳ್ತಿದ್ದೆ, ಅವರ ಹತ್ರ ಅಲ್ಲ."

"ಹೇಳ್ಲಿಲ್ಲ."

"ಹೇಳ್ಲಿಲ್ಲ," ಎಂದು ಅವನೂ ಒಪ್ಪಿಕೊಂಡ.

ಮಾರನೆಯ ದಿನ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆರೆಯದೆ ಶರಟು ಹಾಕಿಕೊಂಡು ನಿಂತಿದ್ದ. "ನಾನೂ ಬರ್ಲಾ?"

"ಬೇಡ. ನೀವು ಬಂದ್ರೆ ಅವ್ರು ನಿಮ್ಮನ್ನೇ ಕೇಳ್ತಾರೆ."

ಮಗುವಿಗೆ ಹಾಲು ಕುಡಿಸಬೇಕಾದ್ದರಿಂದ ಅದನ್ನು ಎತ್ತಿಕೊಂಡು ಅತ್ತೆ ಜೊತೆಗೆ ಬಂದಳು. ದಾರಿಯುದ್ದಕ್ಕೂ ಮಗುವಿನ ಕಿವಿಯನ್ನು ಒಮ್ಮೆಯೂ ನೋಡಲಿಲ್ಲ.

ಪರೀಕ್ಷಾ ಕೋಣೆಯಲ್ಲಿ ಅಂದು ಡಾಕ್ಟರೂ ಇದ್ದರು, ನಿದ್ದೆಗೆಟ್ಟ ಕಣ್ಣಿನ ಇನ್ನೂ ಎಳೆಯ ವಯಸ್ಸಿನ ಹೆಂಗಸು. ಅವಳು ಹನ್ನೊಂದನೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಓದಿದರು. ನರ್ಸು ಕನ್ನಡಕ ತೆಗೆದು ಒರೆಸಿಕೊಂಡಳು.

"ಆಪರೇಷನ್ ಹೊತ್ತಲ್ಲಿ ಅವಸರ ಇರುತ್ತಮ್ಮ," ಎಂದರು ಡಾಕ್ಟರು. "ಸಿಸ್ಟರ್ ಹೊರಗೆ ಹೋಗಿ ಕೇಳ್ಕೊಂಡು ಬಂದಿದ್ದಾರೆ. ಕೇಳ್ದೆ ಏನೂ ಮಾಡಿಲ್ಲ."

"ಹೊರಗಿನ ಬಾಗಿಲಿಗೆ ಎಷ್ಟು ಹೆಜ್ಜೆ ಆಗುತ್ತೆ ಮೇಡಂ?"

"ಏನು?"

"ಆಪರೇಷನ್ ಮೇಜಿಂದ. ಮೂವತ್ತಾದ್ರೂ ಆಗುತ್ತೆ ಅಲ್ವಾ? ಸಿಸ್ಟರ್ ಅಷ್ಟು ದೂರ ಓಡಿ ಹೋಗಿ ಕೇಳಿದ್ರು. ನನ್ನ ತಲೆ ಎರಡೇ ಹೆಜ್ಜೆ ದೂರದಲ್ಲಿತ್ತು. ಪರದೆ ಈಚೆಗೆ."

ಡಾಕ್ಟರು ಹಾಳೆಯನ್ನು ತಿರುಗಿಸಿ ಹಿಂಭಾಗ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಕೊನೆಗೆ ಅವರು ಮಂಚದ ಕಡೆ ಕೈ ತೋರಿಸಿದರು. ಅವಳು ಹತ್ತಿ ಮಲಗಿದಳು. ತಟ್ಟೆಯಲ್ಲಿ ಇಕ್ಕಳ, ಕತ್ತರಿ, ಹತ್ತಿಯ ಉಂಡೆಗಳು.

"ಸರಿ. ತೆಗೀಬಹುದು, ಇರ್ಲಿ ಅಂದ್ರೆ ದಾರ ಚಿಕ್ಕದು ಮಾಡಿ ಬಿಡಬಹುದು. ಒಳಗಿನ ಹೊಲಿಗೆ ಪೂರ್ತಿ ಮಾಗೋಕೆ ಎರಡು ವರ್ಷವಾದ್ರೂ ಬೇಕು, ಅಷ್ಟರೊಳಗೆ ಬಸುರಿ ಆಗೋದು ಅಪಾಯ, ಅದನ್ನೂ ಹೇಳ್ತಿದ್ದೀನಿ. ಇದನ್ನ ತೆಗೆದ್ರೆ ಬೇರೆ ದಾರಿಗಳಿವೆ, ಎಲ್ಲ ವಿವರಿಸ್ತೀನಿ." ಡಾಕ್ಟರು ಕೈಗವಸು ಹಾಕಿಕೊಂಡರು. "ಏನು ಮಾಡೋಣ?"

ಪ್ರಶ್ನೆ ಕೇಳಿದ್ದು ಡಾಕ್ಟರು. ಅಭ್ಯಾಸಬಲದಿಂದ ತಲೆ ತಿರುಗಿಸಿದ್ದು ನರ್ಸು. ಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅತ್ತೆಯನ್ನು ಅವಳು ನೋಡಿದಳು.

ಅತ್ತೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ನನ್ನ ಮುಖ ಯಾಕೆ ನೋಡ್ತೀಯವ್ವ? ಅವಳು ಎಚ್ಚರ ಇದ್ದಾಳೆ."

ರಟ್ಟು ಬಿದ್ದು ಬಾಗಿಲು ಗೇಣುದ್ದ ತೆರೆದುಕೊಂಡಿತ್ತು. ಬೆಂಚಿನ ಮೇಲಿನ ನಾಲ್ಕು ಮುಖಗಳು ಅವಳ ಪಾದಗಳ ಆಚೆ ಕಾಣುತ್ತಿದ್ದವು. ಅವಳು ಮೊಣಕೈ ಊರಿ ಅರ್ಧ ಎದ್ದಳು.

"ಮೊದ್ಲು ಆ ಬಾಗಿಲು ಹಾಕಿ," ಎಂದಳು. "ಗಟ್ಟಿಯಾಗಿ ಹಾಕಿ."

ನರ್ಸು ಹೋಗಿ ದೂಡಿದಳು. ಬಾಗಿಲು ಕೂತ ಹಾಗೆ ಮಾಡಿ ಮತ್ತೆ ಬಿಚ್ಚಿಕೊಂಡಿತು. ಬಗ್ಗಿ ರಟ್ಟು ಹುಡುಕುವಷ್ಟರಲ್ಲಿ ಹೊರಗಿನಿಂದ ಯಾರೋ ಅದನ್ನು ಎಳೆದುಕೊಂಡರು. ಮರ ಕಿರುಗುಟ್ಟಿ, ಚೌಕಟ್ಟಿಗೆ ಒತ್ತಿ, ನಿಂತಿತು. ಬೆಂಚು ಮರೆಯಾಯಿತು. ಬಾಗಿಲ ಕೆಳಗಿನ ಬೆಳಕಿನ ಪಟ್ಟಿಯಲ್ಲಿ ಸವೆದ ಚಪ್ಪಲಿಯ ಎರಡು ಹಿಮ್ಮಡಿಗಳು, ಅಗಲಕ್ಕೆ ಊರಿಕೊಂಡು, ಅಲ್ಲಾಡದೆ ನಿಂತಿದ್ದವು. ಆಚೆ ಕಡೆ, ಮರಕ್ಕೆ ತೀರ ಹತ್ತಿರದಲ್ಲಿ, 'ಶ್ಶ್' ಎಂದು ಮಗುವನ್ನು ಸುಮ್ಮನಿರಿಸುವ ದನಿ.

ಅವಳು ಮತ್ತೆ ತಲೆಯನ್ನು ದಿಂಬಿಗೆ ಇಟ್ಟಳು. ಡಾಕ್ಟರು ಕಾಯುತ್ತಿದ್ದರು. ನರ್ಸು ಅವಳ ಮಾತು ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದು ಹಿಡಿದು ನಿಂತಿದ್ದಳು.